ಗ್ವಾಗ್ವಾ

ಡ್ಯಾನ್‌ಬರಿಯ ಲಾಂಡ್ರಿಯಲ್ಲಿ ನನ್ನ ಮೊದಲ ಚಳಿಗಾಲ.
ಹದಿನಾರು ಯಂತ್ರ, ಮೂರು ಕೆಟ್ಟವು.
ಅಲ್ತಾಗ್ರಾಸಿಯಾ ಬಾಗಿಲು ತಳ್ಳಿ ಒಳಗೆ ಬಂದವಳೇ
ಕೈ ಚೆಲ್ಲಿದಳು:
"ಹೋಯ್ತು ಕಣೇ, ಗ್ವಾಗ್ವಾ ಹೋಯ್ತು,
ಕಣ್ಣೆದುರಿಗೇ ಹೋಯ್ತು."

ಮಡಿಸುತ್ತಿದ್ದ ಬೆಡ್‌ಶೀಟು ಬಿಸುಟು ಬೀದಿಗೆ ಓಡಿದೆ.
ಮೈಮೇಲೆ ಕೋಟಿಲ್ಲ, ಕಾಲಿಗೆ ರಬ್ಬರ್ ಚಪ್ಪಲಿ.
ಹಿಮದಲ್ಲಿ ಪುಟ್ಟ ಹೆಜ್ಜೆ ಹುಡುಕಿದೆ,
ಕಸದ ಡಬ್ಬಿಗಳ ಹಿಂದೆ,
ನಿಂತ ಕಾರುಗಳ ಅಡಿಗೆ ಬಗ್ಗಿ ಬಗ್ಗಿ ನೋಡಿದೆ.
ಕರುಳು ಬಾಯಿಗೆ ಬಂದಿತ್ತು.

ನಮ್ಮ ಬೆಟ್ಟದ ಕಡೆ ಗ್ವಾಗ್ವಾ ಅಂದರೆ ಮಗು.
ಅವಳ ದ್ವೀಪದಲ್ಲಿ ಬಸ್ಸು.

ಬಾಗಿಲಲ್ಲಿ ನಿಂತು ನಕ್ಕಳು ನಕ್ಕಳು, ಹೊಟ್ಟೆ ಹಿಡಿದುಕೊಂಡು.
ಆಮೇಲೆ ನನ್ನ ಕಾಲು ಕಂಡಳು.
ಡ್ರೈಯರಿನಿಂದ ಯಾರದೋ ಬಿಸಿ ಟವೆಲು ತಂದು
ಮಂಡಿಯೂರಿ ಸುತ್ತಿದಳು.
ಆ ಟವೆಲಿನ ಗಿರಾಕಿಗೆ ಇವತ್ತಿಗೂ ಈ ಕತೆ ಗೊತ್ತಿಲ್ಲ.

ಮಾಲೀಕನ ಪಾಲಿಗೆ ನಾವೆಲ್ಲ 'ನಿಮ್ಮ ಜನ'.
ಸರ್ಕಾರದ ಫಾರಮ್ಮಿನಲ್ಲಿ ಎಲ್ಲರಿಗೂ ಸೇರಿ ಒಂದು ಚೌಕ.
ಆ ಚೌಕದೊಳಗೆ ಊಟದ ಹೊತ್ತಿಗೆ ಬನ್ನಿ:
ಅಲ್ತಾಗ್ರಾಸಿಯಾಗೆ ಕೆಂಪು ಕಾಳು,
ಹಸಿಂತೋಗೆ ಕಪ್ಪು.
ನನ್ನ ಡಬ್ಬಿಯ ಬೆಂದ ಬಿಳಿ ಜೋಳ ನೋಡಿ
"ಅಯ್ಯೋ, ಇವು ಯಾರ ಹಲ್ಲು?" ಅಂದಿದ್ದಳು ಆಕೆ.

ಹಸಿಂತೋ ಮಾತೇ ಕಡಿಮೆ.
ಕ್ರಿಸ್‌ಮಸ್ ಬಂದಾಗಲೇ ಗೊತ್ತಾಗಿದ್ದು,
ಸ್ಪ್ಯಾನಿಷ್ ಕೂಡ ಅವನಿಗೆ ಕಲಿತ ಭಾಷೆ.
ಕನಸಿನದು ಬೇರೆ, ಗ್ವಾಟೆಮಾಲಾದ ಗುಡ್ಡದ್ದು.
ಅದರ ಮೇಲೆ ಸ್ಪ್ಯಾನಿಷ್, ಅದರ ಮೇಲೆ ಇಂಗ್ಲಿಷ್.
"ಒಂದರ ಮೇಲೊಂದು ಅಂಗಿ," ಅಂದ, "ಆದರೂ ಚಳಿ."

ಈ ಊರು ಒಂದು ಕಾಲಕ್ಕೆ ಟೋಪಿಯ ಊರಂತೆ,
ಕಾರ್ಖಾನೆಗಳು ಮುಚ್ಚಿ ಎಷ್ಟೋ ಕಾಲ.
ಸಿಗ್ಸಿಗ್‌ನಲ್ಲಿ ನನ್ನಜ್ಜಿ ನಡೆಯುತ್ತಲೇ ಟೋಪಿ ಹೆಣೆಯುತ್ತಿದ್ದಳು,
ಸಂತೆಗೆ ಹೋಗುವಾಗ, ಸಾವಿನ ಮನೆಗೆ ಹೋಗುವಾಗಲೂ.
ಎಕ್ವಡಾರಿನ ನಾರು, ಎಕ್ವಡಾರಿನ ಬೆರಳು;
ಗಾಜಿನ ಅಂಗಡಿಗಳಲ್ಲಿ ಅದಕ್ಕೆ ಪನಾಮಾ ಟೋಪಿ ಎಂದು ಹೆಸರು.
ಅಜ್ಜಿ ಪನಾಮಾ ಕಂಡವಳಲ್ಲ.
ತಪ್ಪು ಹೆಸರು ಹೊತ್ತು ಲೋಕ ಸುತ್ತುವುದು
ನಮ್ಮ ಮನೆತನದ ಹಳೇ ಕಸುಬು.

ನನ್ನ ಮಗ ವಾಷಿಂಗ್ಟನ್.
ಇಲ್ಲಿಗೆ ಬಂದು ಇಟ್ಟ ಹೆಸರಲ್ಲ,
ನಮ್ಮ ಕಡೆ ಬೀದಿಗೊಬ್ಬ ವಾಷಿಂಗ್ಟನ್.
ಇಲ್ಲಿ ಯಾರೂ ನಂಬುವುದಿಲ್ಲ.
ಅವನ ಬಾಯಿಂದ ನಮ್ಮ ಮಾತು ಜಾರಬಾರದೆಂದು
ಹಗಲೂ ರಾತ್ರಿ ಇಂಗ್ಲಿಷಿಗೆ ಮುಂಬಾಗಿಲು ಕಾದೆ.
ಹಿತ್ತಿಲ ಬಾಗಿಲಿಂದ ಬಂದು ಕೂತಿದ್ದಳು ಅಲ್ತಾಗ್ರಾಸಿಯಾ.

ಈಗವನು ಪದದ ತುದಿಯ ಸಕಾರ ನುಂಗುತ್ತಾನೆ
ದ್ವೀಪದ ಹುಡುಗರ ಹಾಗೆ. ಕೆಂಪು ಕಾಳೇ ಬೇಕು ಅನ್ನುತ್ತಾನೆ.
ಮೊನ್ನೆ ಸಿಗ್ಸಿಗ್‌ಗೆ ಫೋನು:
"ಅಜ್ಜೀ, ಗ್ವಾಗ್ವಾಗೆ ಕಾಯ್ತಾ ಇದ್ದೀನಿ."
ಆ ಕಡೆ ನನ್ನಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು
ಮೆಲ್ಲಗೆ ಕೇಳಿದಳು:
"ಹುಡುಗಿ ಯಾರು? ಎಷ್ಟು ತಿಂಗಳು?"

ಮಂಡಿನೋವಿಗೆ ಅಲ್ತಾಗ್ರಾಸಿಯಾ ಕೆಲಸ ಬಿಟ್ಟು ಎರಡು ವರ್ಷ.
ಭಾನುವಾರ ಹೇಳಿ ಕಳಿಸುತ್ತಾಳೆ,
ಒಂದು ಡಬ್ಬಿ ಹಲ್ಲು ಕೊಡು ಎಂದು.

ಕಳೆದ ಮಂಗಳವಾರ ಬೀಗ ಹಾಕುವುದು ತಡವಾಯಿತು.
ತಿರುವಿನಲ್ಲಿ ಬಸ್ಸು ಹೊರಟಿತ್ತು. ಓಡಿದೆ,
ಈ ವಯಸ್ಸಿನಲ್ಲಿ, ಈ ಮೈಯಲ್ಲಿ, ಕೈ ಎತ್ತಿ
"ಗ್ವಾಗ್ವಾ! ಅಯ್ಯೋ, ನನ್ನ ಗ್ವಾಗ್ವಾ!"
ಕೂಗಿದ್ದು ನಾನೇ.

ಎದುರು ಫುಟ್‌ಪಾತಿನಲ್ಲೊಬ್ಬಳು,
ಎರಡು ಜಡೆ, ಬೆನ್ನ ಮೇಲೆ ಬಟ್ಟೆ ಗಂಟು,
ನಮ್ಮ ಬೆಟ್ಟದವಳು, ಬಂದು ವಾರವೂ ಆಗಿರಲಿಕ್ಕಿಲ್ಲ.
ಗಂಟು ಅಲ್ಲೇ ಬಿತ್ತು.
ರಸ್ತೆಗೇ ನುಗ್ಗಿದಳು, ಹಾರ್ನುಗಳ ನಡುವೆ.

ಹೋಗಿ ಕೈ ಹಿಡಿದೆ. ನಡುಗುತ್ತಿದ್ದಳು.
ನನಗೆ ನಗು ಬರಲಿಲ್ಲ.
"ಬಸ್ಸು ತಾಯಿ, ಬರೀ ಬಸ್ಸು," ಅಂದೆ.
ನನ್ನ ಮುಖ ನೋಡಿದಳು,
ತಲೆಯಾಡಿಸಿದಳು,
ಆಮೇಲೂ ಒಮ್ಮೆ ಬಗ್ಗಿ
ಕಾರುಗಳ ಅಡಿ ನೋಡಿದಳು.