ಐವತ್ತೊಂದನೆಯ ಜೇಬು

ಕೌಲ್ ಬಜಾರಿನ ನಮ್ಮ ಶೆಡ್ಡಿನಲ್ಲಿ ಹನ್ನೊಂದು ಮಿಷನ್ನು.
ನನ್ನದು ಕಿಟಕಿ ಪಕ್ಕದ್ದು.
ಹಿಂದಿನ ಜೇಬು ಹೊಲಿಯುವುದು ನನ್ನ ಕೆಲಸ,
ಜೋಡಿಗೆ ಮೂರು ರೂಪಾಯಿ.
ಉಗುರಿನ ಸಂದಿಯ ನೀಲಿ
ಅನ್ನ ಕಲಸುವಾಗಲೂ ಬಿಡುವುದಿಲ್ಲ.

ಬೇಸಿಗೆಯ ಒಂದು ಮಧ್ಯಾಹ್ನ ಕರೆಂಟು ಹೋಯಿತು.
ಮಾಳಿಗೆ ಹತ್ತಿ ನಿಂತೆ. ಕೋಟೆ ಗುಡ್ಡ
ಬಿಸಿಲಿಗೆ ನಡುಗುತ್ತಿತ್ತು.
ಬಂಡೆಯ ಗೆರೆ ಏರಿ, ಮುರಿದು, ಇನ್ನೊಮ್ಮೆ ಏರಿ
ಒಮ್ಮೆಲೇ ಬಯಲಿಗೆ ಬಿದ್ದಂತೆ.
ಇಳಿದು ಬಂದು ಕರೆಂಟ್ ಬಿಲ್ಲಿನ ಬೆನ್ನಿಗೆ
ಟೈಲರ್ ಚಾಕಿನಲ್ಲಿ ಎಳೆದೆ.
ಆಮೇಲೆ ಹಳದಿ ದಾರದಲ್ಲಿ, ಎರಡು ಸಾಲು.

ಗಾದಿಲಿಂಗ ಮಾವ ಜೇಬನ್ನು ತಿರುಗಿಸಿ ನೋಡಿ
'ಯಾರದು ನೋಡಿ ತೆಗೆದಿಯವ್ವಾ?' ಅಂದ.
'ಗುಡ್ಡದ್ದು' ಅಂದೆ. ನಕ್ಕ.
ಆ ಹಂಗಾಮಿಗೆ ನಾನೂರು ಡಜನ್ ಹೋಯಿತು.

ದೀಪಾವಳಿ ಹೊತ್ತಿಗೆ ಗುಡ್ಡ ಊರು ಬಿಟ್ಟಿತ್ತು.
ಸೊಲ್ಲಾಪುರದ ಪಾರ್ಟಿ ಕಳಿಸಿದ ಫೋಟೊದಲ್ಲಿ
ಬೇರೆಯವರ ಪ್ಯಾಂಟು, ಬೇರೆ ಹೆಸರಿನ ಪಟ್ಟಿ,
ಅದೇ ಗೆರೆ. ಮುರಿಯುವ ಕಡೆ
ನನ್ನ ಕೈ ಜಾರಿ ಸೊಟ್ಟಗಾದ ಹೊಲಿಗೆಯೂ ಹಾಗೇ ಇತ್ತು.
ಕದ್ದವನು ತಪ್ಪನ್ನೂ ನಿಯತ್ತಿನಿಂದ ಕದ್ದಿದ್ದ.

ನಸ್ರೀನ್ ವಕೀಲರ ಆಫೀಸು ಬ್ರೂಸ್‌ಪೇಟೆಯಲ್ಲಿ,
ಚಪ್ಪಲಿ ಅಂಗಡಿಯ ಮೇಲೆ.
ಒಗ್ಗರಣಿ ಮಿರ್ಚಿಯ ತಟ್ಟೆ ನನ್ನ ಕಡೆ ಸರಿಸಿ
ಬಿಲ್ಲಿನ ಬೆನ್ನನ್ನು ಬಹಳ ಹೊತ್ತು ನೋಡಿದರು.

'ಚಾಕು ಎತ್ತಿದ ಗಳಿಗೆಯಿಂದ ಇದು ನಿಂದು.
ಅರ್ಜಿ ಬೇಕಿಲ್ಲ, ಮುದ್ರೆ ಬೇಕಿಲ್ಲ.
ನೀ ಹೋದ ಮ್ಯಾಲೂ ಅರವತ್ತು ವರ್ಷ
ನಿನ್ನ ಮಕ್ಕಳದು.'
ಎದೆ ತುಂಬಿತು. ಮಿರ್ಚಿ ಕಚ್ಚಿದೆ.
'ಆದ್ರೆ' ಅಂದರು.

ಆ ಆದರೆಯ ಆಚೆ ಐವತ್ತು ಎಂಬ ಅಂಕಿ ಕೂತಿತ್ತು.
ಚಿತ್ರ ಕಾಗದದಲ್ಲೇ ಇದ್ದರೆ ಸರಿ. ಮಾಲಿಗೆ ಇಳಿದು,
ಮಿಷನ್ನಿನಲ್ಲಿ ಐವತ್ತು ಸಲ ದಾಟಿದರೆ,
ಡಿಸೈನಿನ ಪುಸ್ತಕದಲ್ಲಿ ಮೊದಲೇ ಬರೆಸಿರದಿದ್ದರೆ
ಆ ಹಕ್ಕು ಎದ್ದು ಹೋಗುತ್ತದಂತೆ,
ಬಾಗಿಲು ಹಾಕಿದ ಸದ್ದೂ ಇಲ್ಲದೆ.

ಯಾವುದಿತ್ತು ಐವತ್ತೊಂದನೆಯದು?
ಬಾಬಿನ್ ತುಂಬಿಸಿ ಬಂದು ಕೂತ ಮೇಲಿನದೇ?
ಮೊದಲ ದಿನ, ಮೊದಲ ಚಹಾಕ್ಕೂ ಮುಂಚಿನದು.
ಅದನ್ನು ಹೊಲಿಯುವಾಗ ಏನೋ ಗುನುಗಿದ್ದೆನೇನೋ.

'ಈಗ ಬರೆಸಿದ್ರೆ?'
'ಹೊಸದಿದ್ರೆ ಬರಕೊಂತಾರೆ. ಪ್ಯಾಟಿ ಕಂಡದ್ದು ಹೊಸದಲ್ಲ.
ನೀನೇ ಮಾರಿದ್ರೂ ಅದು ಹಳೇದೇ.'

ಮಾವನಿಗೂ ಹೀಗೇ ಆಗಿತ್ತು.
ಸೈಕಲ್ಲಿನ ಮಡ್‌ಗಾರ್ಡ್ ತಗಡು ಬಗ್ಗಿಸಿ
ಎರಡು ಅಂಚನ್ನು ಒಂದೇ ಓಟಕ್ಕೆ ಮಡಿಚುವ ಫೋಲ್ಡರು ಮಾಡಿದ್ದ.
ಓಣಿಯನ್ನೆಲ್ಲ ಕರೆದು ತೋರಿಸಿ ಚಹಾ ಕುಡಿಸಿದ್ದ.
ಪೇಟೆಂಟು ಇಪ್ಪತ್ತು ವರ್ಷದ ಬೇಲಿ;
ಬೇಲಿಗೆ ಮುನ್ನ ಹೊಲ ತೋರಿಸಬಾರದು.
ಈಗ ಓಣಿಯ ಪ್ರತಿ ಮಿಷನ್ನಿಗೂ ಒಂದು.
'ಇರಲಿ ಬಿಡು, ಅವರ ಬೆನ್ನುನೋವೂ ಕಡಿಮಿ ಆಯ್ತಲ್ಲ' ಎನ್ನುತ್ತಾನೆ,
ತಗಡು ಕೊಯ್ದ ಹೆಬ್ಬೆರಳನ್ನು ಉಜ್ಜಿಕೊಳ್ಳುತ್ತಾ.

ವಕೀಲರಿಗೆ ಒಂದು ಮಾತು ಹೇಳಲಿಲ್ಲ.
ಆಚೆ ವರ್ಷ ಕೈಯಲ್ಲಿ ಕಾಸಿರದಾಗ
ಅಮೆರಿಕದ ಹೆಸರಿನ ತೊಗಲು ಪಟ್ಟಿ ಇನ್ನೂರು
ಸೊಂಟಕ್ಕೆ ಹೊಲಿದಿದ್ದೆ, ರಾತ್ರಿ, ಬಾಗಿಲು ಹಾಕಿಕೊಂಡು.
ಆ ಹೆಸರನ್ನು ನೆಟ್ಟಗೆ ಓದಲೂ ಬರುತ್ತಿರಲಿಲ್ಲ.
ಅದೂ ಯಾರೋ ನೋಡಿದ ಗುಡ್ಡವೇ.

'ನಿಂದೇ ಒಂದು ಹೆಸರಿಡು' ಅಂದರು ಕೊನೆಗೆ.
'ಹತ್ತು ವರ್ಷಕ್ಕೊಮ್ಮೆ ಫೀಸು ಕಟ್ಟಿದ್ರೆ ಹೆಸರು ಸಾಯಂಗಿಲ್ಲ.'
ಮಾವ 'ಕಿಂಗ್' ಅಂದ. ಊರಲ್ಲಿ ಆಗಲೇ ಏಳು ಕಿಂಗ್.
ನಾನು ಅವ್ವನ ಹೆಸರು ಬರೆದೆ: ತಿಪ್ಪಮ್ಮ.
'ತಿಪ್ಪಮ್ಮ ಅಂತ ಬರೆದ ಪ್ಯಾಂಟು ಯಾರು ಹಾಕ್ಕೊಂತಾರೆ?'
'ಯಾರೂ ಕದಿಯಂಗಿಲ್ಲಲ್ಲ, ಮಾವ.'

ನಿನ್ನೆ ರಾತ್ರಿ ಇನ್ನೊಂದು ಗೆರೆ ಬಂತು.
ಎಲ್ಲಿಂದ ಬಂತು, ಯಾವ ದಾರ, ಎಲ್ಲಿ ಬಾಗುತ್ತದೆ,
ಹೇಳುವ ಆಸೆ ನಾಲಿಗೆಯ ತುದಿಗಿದೆ.
ಪದ್ಯದಲ್ಲಿ ಬರೆದರೂ ಬಯಲಿಗಿಟ್ಟಂತೆಯೇ.
ರಶೀದಿ ಬರುವ ತನಕ
ಅದು ಅಕ್ಕಿ ಡಬ್ಬಿಯ ತಳದಲ್ಲಿ.
ಇಲ್ಲಿ, ಈ ಸಾಲಿನ ಕೆಳಗೆ,
ಒಂದು ಜೇಬಿನಷ್ಟು ಜಾಗ ಬಿಟ್ಟಿದ್ದೇನೆ.