ಶಿರಾತೋರಿಯ ಸುಳ್ಳು

ಅವೊಮೊರಿಯ ರೈಲು ನಿಲ್ದಾಣದೆದುರು
ಮೂವತ್ತೊಂದು ವರ್ಷದಿಂದ ಟ್ಯಾಕ್ಸಿ ನಿಲ್ಲಿಸುವ ಶಿರಾತೋರಿ
ಒಂದೇ ಒಂದು ಸುಳ್ಳನ್ನು ನಿಯತ್ತಾಗಿ ಹೇಳುತ್ತಾನೆ.

ಒಳ್ಳೆಯ ರಾಮೆನ್ ಎಲ್ಲಿ ಸಿಗುತ್ತದೆಂದು
ಹಿಂದಿನ ಸೀಟು ಕೇಳಿದೊಡನೆ
ಬಂದರಿನ ಬಳಿಯ ಕೆಂಪು ಬೋರ್ಡಿನ ಅಂಗಡಿ ಹೆಸರಿಸಿ,
ಬಾಗಿಲಿಗೇ ಒಯ್ದು ಇಳಿಸಿ,
ಚಿಲ್ಲರೆ ಎಣಿಸಿ ಕೊಟ್ಟು,
ಕನ್ನಡಿಯತ್ತ ನೋಡದೆ ಹೊರಟುಬಿಡುತ್ತಾನೆ.
ಕೆಟ್ಟದ್ದೇನಲ್ಲ ಆ ಅಂಗಡಿ.
ಬಿಸಿ ಇದೆ, ಉಪ್ಪಿದೆ, ಮೊಟ್ಟೆ ಇದೆ,
ಗೋಡೆ ತುಂಬ ಯಾರ್ಯಾರದೋ ಸಹಿ ಇದೆ.
ಅಷ್ಟೆ.

ಅವನದು ಬೇರೆ.
ಬೀಗ ಬಿದ್ದ ಪಿಂಗಾಣಿ ಅಂಗಡಿಯ ಪಕ್ಕ,
ಹಿಮ ತೋಡಿ ಮಾಡಿದ ಸಂದಿಯಲ್ಲಿ
ಐದೇ ಕುರ್ಚಿ, ಒಂದರ ಕಾಲು ಕುಂಟು.
ಹಾತ್ಸುಎ ಅಜ್ಜಿ ಮಧ್ಯಾಹ್ನದಿಂದ ಕೂತು
ಒಣಮೀನಿನ ತಲೆ ಮುರಿದು, ಕರುಳು ಕಿತ್ತು
(ಹತ್ತರಲ್ಲೊಂದಕ್ಕೆ ಕೀಳದೆ; ಕಹಿಯೂ ಬೇಕಲ್ಲ)
ನೀರಿಗಿಳಿಸುತ್ತಾಳೆ.
ಆಮೇಲೆ ನೀರೂ ಕಾಯುತ್ತದೆ,
ಅವಳೂ ಕಾಯುತ್ತಾಳೆ.

ಬಟ್ಟಲು ಮುಂದೆ ಬಂದರೆ
ಕಡಲು ಇಳಿದ ಮೇಲೆ ಬಂದರಿನ ಕಲ್ಲು ಬಿಡುವ ವಾಸನೆ.
ಮೊದಲ ಗುಟುಕಿಗೆ ನಾಲಿಗೆ ಹಿಂಜರಿಯುತ್ತದೆ,
ಮೂರನೆಯದಕ್ಕೆ ತಾನೇ ಮುಂದಾಗುತ್ತದೆ.
ಸೊರ್ ಸೊರ್ ಎನ್ನುವುದು ಬಿಟ್ಟು ಯಾರೂ ಮಾತಾಡುವುದಿಲ್ಲ.
ಇಂಥದನ್ನು ಊರಿಗೆಲ್ಲ ಸಾರಿದರೆ
ಆರನೆಯವನು ಕೂರುವುದೆಲ್ಲಿ?
ಇದು ಶಿರಾತೋರಿಯ ಲೆಕ್ಕ.

ಫೆಬ್ರವರಿಯ ಒಂದು ರಾತ್ರಿ ಹತ್ತಿದವಳು
ಹೊಲಿಗೆ ಯಂತ್ರ ರಿಪೇರಿಯ ಹೆಂಗಸು,
ತೊಡೆಯ ಮೇಲೆ ಸಲಕರಣೆಯ ಪೆಟ್ಟಿಗೆ.
ಕೇಳಿದಳು. ಹೇಳಿದ. ಇಳಿಸಿದ.
ಯಾಕೋ ಅಂದು ಕನ್ನಡಿ ನೋಡಿದ:
ಕೆಂಪು ಬೋರ್ಡಿನ ಕೆಳಗೆ ನಿಂತು
ಅವಳು ಗಾಳಿಯನ್ನು ಮೂಸುತ್ತಿದ್ದಳು.

ಪಾಳಿ ಮುಗಿಸಿ, ಬೂಟಿನ ಹಿಮ ಕೊಡವಿ
ಸಂದಿಯ ಬಾಗಿಲು ಸರಿಸಿದರೆ
ಕುಂಟು ಕುರ್ಚಿಯ ಮೇಲೆ ಅವಳೇ!
ಕನ್ನಡಕದ ತುಂಬ ಹಬೆ, ಬಟ್ಟಲು ಅರ್ಧ ಖಾಲಿ.

"ನಿಮ್ಮ ಸೀಟೆಲ್ಲ ಒಣಮೀನಿನ ಸಾರು," ಅಂದಳು ತಲೆಯೆತ್ತದೆ.
"ನೀವು ಹೇಳಿದಲ್ಲಿ ಆ ವಾಸನೆ ಇರಲಿಲ್ಲ.
ಮೂಗಿನ ನೇರಕ್ಕೆ ನಡೆದೆ.
ಎರಡು ಸಲ ದಾರಿ ತಪ್ಪಿತು."

ಅವನ ಕಿವಿ ಕೆಂಪಾಯಿತು. ಚಳಿಗೆ ಅನ್ನೋಣ.
ಅಜ್ಜಿ ಏನೂ ಅನ್ನಲಿಲ್ಲ.
ಜಾಲರಿ ಒದರಿ ನೀರು ಬಸಿದು
ಅವನ ಬಟ್ಟಲಿಗೆ, ಅವನಿಗೆ ಕಾಣುವಂತೆಯೇ,
ಮಾಂಸದ ಹೋಳು ಒಂದು ಕಡಿಮೆ ಹಾಕಿದಳು.

ಹೊರಡುವ ಮುನ್ನ ಆ ಹೆಂಗಸು ಪೆಟ್ಟಿಗೆ ತೆಗೆದು
ಕುರ್ಚಿ ತಲೆಕೆಳಗು ಮಾಡಿ ತಿರುಪು ಬಿಗಿದಳು.

ಮರುದಿನವೂ ಶಿರಾತೋರಿ ಅದೇ ಸುಳ್ಳು ಹೇಳಿದ.
ಆದರೆ ಈಗೀಗ ಟ್ಯಾಕ್ಸಿಯ ಗಾಜು
ಇಳಿಸುವುದೇ ಇಲ್ಲ,
ಮೂಗಿದ್ದವರು ಹುಡುಕಿಕೊಳ್ಳಲಿ ಎಂದು.