ಡೆಮೊ ಪೀಸು

ಹಾಸನದ ಬಿ.ಎಂ. ರಸ್ತೆಯಲ್ಲಿ ನಮ್ಮದೊಂದು ಮೊಬೈಲ್ ಅಂಗಡಿ.
ನಮ್ಮದು ಅಂದೆ, ಧರಣೇಂದ್ರಣ್ಣನದು.
ನನ್ನವು ಸ್ಕ್ರೀನ್ ಗಾರ್ಡು ಅಂಟಿಸುವ ಎರಡು ಹೆಬ್ಬೆರಳು,
ಕಾರ್ತಿಕದಿಂದೀಚೆಗೆ ಈ ಹೆಡ್‌ಸೆಟ್ಟು ಒರೆಸುವ ಕೆಲಸ.

ಕಂಪನಿಯವರು ಇಟ್ಟುಹೋದದ್ದು. ಡೆಮೊ ಪೀಸು.
ಸೈಕಲ್ ಸರಪಳಿಯಿಂದ ಗಾಜಿನ ಮೇಜಿಗೆ ಕಟ್ಟಿದ್ದೇವೆ.
ಮೂರು ಲೋಕ ಸುತ್ತಿಸುತ್ತದಂತೆ.
ತಾನು ಮಾತ್ರ ಮೂರಡಿ ದಾಟದು.

ಬಂದವರ ತಲೆಗೆ ಕಟ್ಟುತ್ತೇನೆ,
"ಬಿಗಿಯಾಯ್ತಾ?" ಅನ್ನುತ್ತೇನೆ.
ಅವರು ಕುರುಡಾಟದ ಮಕ್ಕಳಂತೆ ಗಾಳಿ ತಡಕುತ್ತಾರೆ,
ಫೋನು ರೀಚಾರ್ಜಿಗೆ ಬಂದವರು ನಿಂತು ನಗುತ್ತಾರೆ.
ಹೋದಮೇಲೆ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿ.
ಯಾರು ಬಂದಿದ್ದರೆಂದು ಹತ್ತಿಯೇ ಹೇಳುತ್ತದೆ:
ಹರಳೆಣ್ಣೆ, ವಿಭೂತಿ, ಸುರ್ಮಾ,
ಮುಹೂರ್ತದ ಮನೆಯಿಂದ ನೇರ ಬಂದವರ ಒಂದು ಕಾಳು ಅಕ್ಷತೆ,
ಆಲೂಗೆಡ್ಡೆ ಲೋಡು ಇಳಿದ ದಿನ ಕೆಂಪು ಮಣ್ಣು.

ಎಪಿಎಂಸಿಯಲ್ಲಿ ತೂಕ ಹಾಕುವ ಶಿವನಂಜಪ್ಪ ಬಂದ.
ಕಣ್ಣ ಮುಂದೆ ತಿಮಿಂಗಿಲ ಹೊರಳಿತು.
"ಎಷ್ಟು ಕ್ವಿಂಟಾಲ್ ಇದ್ದೀತು?" ಅಂದ.
ಬಿಚ್ಚಿ, ಅಂಗೈ ಮೇಲಿಟ್ಟು ಎರಡು ಸಲ ತೂಗಿದ:
"ಐನೂರ ಹತ್ತು ಗ್ರಾಂ."
ಡಬ್ಬಿ ತಿರುವಿ ನೋಡಿದೆ, ಐನೂರ ಹದಿನೈದು.
"ಮೂಗಿನ ಮೇಲೆ ಹೊರೋಕೆ
ನಮಗೆ ಸಿಟ್ಟೇ ಸಾಕು ಕಣವ್ವ."

ಎದುರಿನ ಪಾರ್ಲರಿನ ಮುನೀರಾ
ಮದುಮಗಳನ್ನು ಕರೆತಂದು, ಕಟ್ಟಬೇಕೆನ್ನುವಾಗ
ಬಾಚಣಿಗೆ ಅಡ್ಡ ಹಿಡಿದಳು:
"ಬೇಡ, ತಲೆ ಕೆಡುತ್ತೆ."
ಯಾವ ಅರ್ಥದಲ್ಲಿ ಅಂತ ನಾನು ಕೇಳಲಿಲ್ಲ.

ಗಾಳಿಯಲ್ಲಿ ಹಸಿರು ಬಾಣ ತೇಲುತ್ತದೆ, ದಾರಿ ತೋರಿಸುತ್ತದೆ ಅಂದರೆ
ಆಟೋ ಇಸ್ಮಾಯಿಲ್ ಕೇಳಿದ,
ಬಾಣ ನಾನು ನೋಡ್ತೀನಿ,
ಗುಂಡಿ ಯಾರು ನೋಡ್ತಾರೆ?

ಯೂನಿಫಾರ್ಮಿನ ಒಬ್ಬ ಹುಡುಗ ಮಾತ್ರ,
ಒಳಗಿನದೇನನ್ನೂ ಕೇಳದೆ,
"ಅಕ್ಕಾ, ಈಗ ನಾನು ಅವರಿಗೆ ಕಾಣ್ತೀನಾ?"

ಧರಣೇಂದ್ರಣ್ಣನ ನೋಟುಬುಕ್ಕಿನಲ್ಲಿ ಲೆಕ್ಕವಿದೆ.
ಹಾಕಿಕೊಂಡವರು ನಾನೂರ ಹನ್ನೆರಡು.
ಬೆಲೆ ಕೇಳಿದವರು ಮೂವತ್ತು.
ಬೆಲೆ ಕೇಳಿದಮೇಲೆ ನಿಂತವರು, ಅಲ್ಲೊಂದು ಗೀಟು.
ಎರಡನೇ ಸಲ ಬಂದವರು ಒಬ್ಬರು.

ಹೊನ್ನೇಶ್ವರಿ. ಎನ್.ಆರ್. ಸರ್ಕಲ್ಲಿನ ಹೋಮ್‌ಗಾರ್ಡು.
ಮೂರು ಗಂಟೆಗೆ ಬರುತ್ತಾಳೆ, ಟೋಪಿ ಮಡಿಲಲ್ಲಿಟ್ಟು
ಪ್ಲಾಸ್ಟಿಕ್ ಸ್ಟೂಲಿನಲ್ಲಿ ಕೂರುತ್ತಾಳೆ.
"ಏನೂ ಹಾಕಬೇಡ ತಂಗಿ. ಶುರುವಿನದೇ ಇರಲಿ."

ಶುರುವಿನದೆಂದರೆ ಏನೂ ಅಲ್ಲ,
ಆಟ ಆರಿಸುವ ಮುಂಚಿನ ಖಾಲಿ ಜಾಗ.
ಬೂದು ನೆಲ. ಸೂರ್ಯನಿಲ್ಲದ ಬೆಳಕು.
ಹತ್ತು ನಿಮಿಷ ಅದನ್ನೇ ನೋಡುತ್ತಾಳೆ.
"ಏನು ಕಾಣ್ತದೆ ಅಕ್ಕ?"
"ನಾಲ್ಕೂ ಕಡೆಯಿಂದ
ಯಾರೂ ಬರ್ತಿಲ್ಲ."

ನಡುನಡುವೆ ಅವಳ ಬಲಗೈ ತಾನಾಗಿ ಏಳುತ್ತದೆ,
ಅರ್ಧಕ್ಕೆ ನಿಂತು,
ನೆನಪಾದಂತೆ ಮಡಿಲಿಗೆ ಇಳಿಯುತ್ತದೆ.
ಅವಳು ಹೋದಮೇಲೆ ಹತ್ತಿ ಕಪ್ಪು.
ಬೆಳಗಿನಿಂದ ಹೋದ ಬಸ್ಸುಗಳೆಲ್ಲ ಅದರಲ್ಲಿ.

ಕಂಪನಿಯವನು ಫೋನಿನಲ್ಲಿ ಕೇಳಿದ:
ಜನಕ್ಕೆ ಯಾವುದು ಹಿಡಿಸಿತು ಮೇಡಂ? ಕ್ರಿಕೆಟ್ಟಾ, ಸಮುದ್ರವಾ?
ಖಾಲಿ ಜಾಗ, ಅಂದೆ.
ಅಂಥ ಆ್ಯಪ್ ನಮ್ಮಲ್ಲಿಲ್ಲ, ಅಂದ.

ಸೋಮವಾರ ಬಂದು ಪೀಸು ಒಯ್ದರು.
ಮೇಜಿನ ಮೇಲೆ ಸರಪಳಿ ಉಳಿಯಿತು.
ಮೂರಕ್ಕೆ ಅವಳು ಬಂದಳು, ಸರಪಳಿ ನೋಡಿದಳು,
ಏನೂ ಕೇಳಲಿಲ್ಲ.
ಅದೇ ಸ್ಟೂಲಿನಲ್ಲಿ ಕೂತು
ಟೋಪಿಯನ್ನು ಕಣ್ಣ ಮೇಲಕ್ಕೆ ಎಳೆದುಕೊಂಡಳು.

ರೂಢಿ ನೋಡಿ, ಹತ್ತಿರ ಹೋಗಿ
"ಬಿಗಿಯಾಯ್ತಾ?" ಅನ್ನಲು ಬಾಯಿ ತೆರೆದೆ.
ಟೋಪಿ ಸರಿಸದೆಯೇ
ಅವಳು ಅಂಗೈ ಎತ್ತಿದಳು.

ನಿಂತೆ.